ಅಜ್ಜಂಪುರದ ವಿಧವೆಯನ್ನು ನೋಡಲು ಹೋದದ್ದು

ಮೈಸೂರಿನಿಂದ ಶಿವಮೊಗ್ಗದ ಕಡೆ ಹೋಗುವ ಬೆಳಗಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಎರಡು ಜೊತೆ ಬಟ್ಟೆ ಮತ್ತು ಒಗ್ಗರಣೆ ಅವಲಕ್ಕಿಯ ಡಬ್ಬಿ, ಫೋನಿನಲ್ಲಿ ಒಂದು ಸಿನಿಮಾ ಇದ್ದವು. ಆ ಸಿನಿಮಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾವುದೋ ದೂರದ ಊರಿನ ಹುಡುಗರು ಸ್ವಂತ ದುಡ್ಡು ಹಾಕಿ ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ತೆಗೆದದ್ದು. ನಮ್ಮ ಥಿಯೇಟರುಗಳಿಗೆ ಅದು ಬರಲೇ ಇಲ್ಲ. ಹೊರದೇಶದ ಚಿತ್ರೋತ್ಸವಗಳನ್ನೆಲ್ಲ ಸುತ್ತಿ ಕೊನೆಗೆ ಫೋನಿಗೆ ಬಂತು. ಗಂಡ ಸತ್ತು ದಿಕ್ಕಿಲ್ಲದವಳಾದ ಒಬ್ಬ ಬಡ ಹೆಂಗಸಿನ ಕಥೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಭಾನುವಾರ ಸಂಜೆ ನಮ್ಮ ಮನೆಯ ಮಹಡಿಯಲ್ಲಿ ಹತ್ತು ಹದಿನೈದು ಸ್ನೇಹಿತರು ಸೇರಿ ಸಿನಿಮಾ ನೋಡುತ್ತೇವೆ. ಯಾವುದನ್ನು ನೋಡಬೇಕು ಎಂದು ಆರಿಸುವವಳು ನಾನು, ಮುಗಿದ ಮೇಲೆ ಹೆಚ್ಚು ಮಾತಾಡುವವಳೂ ನಾನೇ. ಹಾಡಿಲ್ಲದ, ಹಿನ್ನೆಲೆ ಸಂಗೀತವಿಲ್ಲದ ಚಿತ್ರಗಳೆಂದರೆ ನನಗೆ ಪ್ರಾಣ. ಹಿಮದ ದೇಶದ ಯಾವುದೋ ಅಡುಗೆಮನೆಯಲ್ಲಿ ಹೆಂಗಸೊಬ್ಬಳು ಆಲೂಗಡ್ಡೆ ಸುಲಿಯಲು ಕೂತರೆ, ಅದು ಮುಗಿಯುವವರೆಗೂ ಕ್ಯಾಮೆರಾ ಅವಳ ಎದುರಿಗೇ ಇರಬೇಕು. ಮುಖಕ್ಕೆ ಬಣ್ಣ ಹಚ್ಚಿದರೆ ಸುಳ್ಳು, ಅಳು ಬಂದಾಗ ಪಿಟೀಲು ಬಾರಿಸಿದರೆ ಇನ್ನೂ ದೊಡ್ಡ ಸುಳ್ಳು ಎಂಬುದು ನನ್ನ ಮತ. "ನಿನ್ನ ಸಿನಿಮಾಗಳಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣುವುದಿಲ್ಲವಲ್ಲೇ" ಎಂದು ನನ್ನ ಗಂಡ ನಗುತ್ತಾರೆ. ಅವರ ರುಚಿ ಅಷ್ಟೇ ಎಂದುಕೊಳ್ಳುತ್ತಿದ್ದೆ.

ಈ ಚಿತ್ರದಲ್ಲಿ ಒಂದು ದೃಶ್ಯವಿದೆ. ಮುರುಕಲು ಗುಡಿಸಲಿನ ಮುಂದೆ ಆ ಹೆಂಗಸು ಕೂತು ಅಳುತ್ತಾಳೆ. ಶಬ್ದವಿಲ್ಲ. ಕ್ಯಾಮೆರಾ ಕದಲುವುದಿಲ್ಲ. ಒಂದು ಕೈಯ ಹೆಬ್ಬೆರಳು ಇನ್ನೊಂದು ಕೈಯ ಮಣಿಕಟ್ಟನ್ನು ಸುಮ್ಮನೆ ಉಜ್ಜುತ್ತಿರುತ್ತದೆ. ಇದು ನಟನೆಯಲ್ಲ, ಇದು ಸತ್ಯ ಎಂದು ನಾನು ಬಳಗದ ಎದುರು ದೊಡ್ಡ ಭಾಷಣವನ್ನೇ ಮಾಡಿದ್ದೆ. ಅಭಿನಯಿಸಿದವಳು ಅಜ್ಜಂಪುರದ ಹತ್ತಿರದ ಹಳ್ಳಿಯ ಗೌರಮ್ಮ ಎಂದು ಚಿತ್ರದ ಕೊನೆಯಲ್ಲಿ ಬರುತ್ತದೆ. "ಹೋಗಿ ನೋಡಿಕೊಂಡು ಬಾ, ಬಂದು ನಮಗೆ ಬರೆದು ಹೇಳು" ಎಂದರು ಬಳಗದವರು. ಹೊರಟೆ.

ಕಡೂರಿನಲ್ಲಿ ಇಳಿದಾಗ ಬಿಸಿಲಿತ್ತು, ಗಾಳಿ ಮಾತ್ರ ತಣ್ಣಗಿತ್ತು. ರೈಲಿನ ಟಿಕೆಟ್ಟು ನೂರು ರೂಪಾಯಿಯೊಳಗೆ ಮುಗಿದಿತ್ತು. ಎಮ್ಮೆದೊಡ್ಡಿಗೆ ಹೋಗಿ ಬರಲು ಆಟೋದವನು ಆರುನೂರು ಕೇಳಿದ. ಸಿನಿಮಾ ಶುರುವಾಗುವುದು ಅಲ್ಲಿನ ಕಾವಲಿನಲ್ಲಿ, ದನ ಮೇಯಲು ಬಿಟ್ಟ ಹುಲ್ಲುಗಾವಲಿನಲ್ಲಿ. ಪರದೆಯ ಮೇಲೆ ಅದು ಬೂದಿ ಬಣ್ಣದ, ಹುಲ್ಲುಕಡ್ಡಿಯೂ ಇಲ್ಲದ ಬಯಲು. ನನ್ನ ಎದುರಿಗಿದ್ದದ್ದು ಹಸಿರು. ಅಮೃತಮಹಲ್ ದನಗಳು ಉದ್ದ ಕೊಂಬು ತೂಗುತ್ತ ಮೇಯುತ್ತಿದ್ದವು. ಕಾಯುವವನ ಫೋನಿನಲ್ಲಿ ಕುಣಿತದ ಹಾಡೊಂದು ಜೋರಾಗಿ ಬರುತ್ತಿತ್ತು. ಅದು ನಿಂತರೆ ಒಳ್ಳೆಯ ಫೋಟೋ ಸಿಗುತ್ತದೆ ಎಂಬಂತೆ, "ಸ್ವಲ್ಪ ಹಾಡು ನಿಲ್ಲಿಸ್ತೀರಾ?" ಎಂದೆ.

"ಯಾಕ್ರೀ? ದನ ಏನೂ ಬ್ಯಾಡ ಅಂದಿಲ್ವಲ್ಲ" ಎಂದ ಅವನು. ಹಾಡು ನಿಲ್ಲಲಿಲ್ಲ. ನಾನು ಹಸಿರು ಕಾಣದ ಮೂಲೆ ಹುಡುಕಿ ಫೋಟೋ ತೆಗೆದುಕೊಂಡೆ.

ಕಡೂರಿನಿಂದ ಬೀರೂರಿನ ಮೇಲೆ ತರೀಕೆರೆಗೆ ಸರ್ಕಾರಿ ಬಸ್ಸು. ಹೆಂಗಸರಿಗೆ ಪ್ರಯಾಣ ಉಚಿತ, ಸೊನ್ನೆ ಅಚ್ಚಾದ ಟಿಕೆಟ್ಟು ಕೊಟ್ಟರು. ತರೀಕೆರೆ ಹತ್ತಿರವಾದಂತೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು ನೀಲಿಯಾಗಿ ಎದ್ದು ನಿಂತಿತು. ಲಾಡ್ಜಿನಲ್ಲಿ ಚೀಲವಿಟ್ಟು, ಗಾಡಿಯೊಂದರ ಮುಂದೆ ನಿಂತು ಮಂಡಕ್ಕಿ ಮೆಣಸಿನಕಾಯಿ ತಿಂದು, ಪೇಟೆಬೀದಿಯ ಬಟ್ಟೆ ಅಂಗಡಿಗೆ ಹೋದೆ. ಗೌರಮ್ಮನನ್ನು ಬರಿಗೈಯಲ್ಲಿ ನೋಡಲು ಮನಸ್ಸಾಗಲಿಲ್ಲ.

"ಯಾರಿಗೆ ಸೀರೆ?" ಎಂದು ಕೇಳಿದಳು ಅಂಗಡಿಯ ಹೆಂಗಸು.

"ವಯಸ್ಸಾದವರು. ಗಂಡ ಇಲ್ಲ."

ಅವಳು ಹಸಿರು ಅಂಚಿನದೊಂದನ್ನು ಬಿಡಿಸಿದಳು. ನಾನು ಬೇಡವೆಂದು, ಅಂಚೂ ಹೂವೂ ಇಲ್ಲದ ಬೂದು ಸೀರೆ ಕೇಳಿದೆ. "ಈಗ ಯಾರ್ ಉಡ್ತಾರೆ ಅಕ್ಕಾ ಇಂಥದ್ದ? ಪಾಪ, ಅವ್ರಿಗೂ ಆಸೆ ಇರಲ್ವಾ?" ಎಂದಳು. ಆದರೂ ನಾನು ಬೂದನ್ನೇ ಕಟ್ಟಿಸಿದೆ. ಸಿನಿಮಾದಲ್ಲಿ ಗೌರಮ್ಮ ಉಟ್ಟಿದ್ದ ಬಣ್ಣ ಅದೇ.

ಮರುದಿನ ಚೀಲದೊಂದಿಗೆ ಅಜ್ಜಂಪುರಕ್ಕೆ ಬಸ್ಸು, ಒಂದು ಗಂಟೆಯೊಳಗಿನ ದಾರಿ. ಎರಡೂ ಕಡೆ ತೆಂಗಿನ ತೋಟ, ಕೊಯ್ಲಿಗೆ ಬಂದ ರಾಗಿ. ಬಸ್‌ಸ್ಟ್ಯಾಂಡಿನಲ್ಲಿ ಆಟೋದವರಿಗೆ ಫೋನಿನಲ್ಲಿ ಗೌರಮ್ಮನ ಮುಖ ತೋರಿಸಿದೆ. "ಸಿನಿಮಾ ಗೌರಮ್ಮ ಅಲ್ವಾ? ಕೂತ್ಕಳಿ" ಎಂದ ಒಬ್ಬ. ದಾರಿಯುದ್ದಕ್ಕೂ ನಾನು, ಅಯ್ಯೋ ಎಂಥ ಬಾಳು, ಒಂಟಿ ಜೀವ ಎಂದೆಲ್ಲ ಹೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿದ.

ಆಟೋ ನಿಂತದ್ದು ತಿಳಿನೀಲಿ ಬಣ್ಣ ಬಳಿದ ತಾರಸಿ ಮನೆಯ ಮುಂದೆ. ಅಂಗಳದಲ್ಲಿ ತೆಂಗಿನಕಾಯಿಯ ರಾಶಿ, ಪಕ್ಕದಲ್ಲಿ ಟ್ರ್ಯಾಕ್ಟರು. ಸಿನಿಮಾದ ಆ ಗುಡಿಸಲು ಈ ಮನೆಯ ಹಿಂದೆ ಕಂಡಿತು. ಅದು ಅವರು ಸೌದೆ ಒಟ್ಟುವ ಕೊಟ್ಟಿಗೆ. ಜಗಲಿಯ ಮೇಲೆ ಬಿಳಿ ಮೀಸೆಯ ಯಜಮಾನರೊಬ್ಬರು ಕೂತಿದ್ದರು. ಇವರು ಅಣ್ಣ, ಗೌರಮ್ಮ ಅಣ್ಣನ ಮನೆಯಲ್ಲಿ ಆಶ್ರಯ ಪಡೆದಿದ್ದಾಳೆ ಎಂದು ನಾನೇ ಲೆಕ್ಕ ಹಾಕಿಬಿಟ್ಟೆ. ಫೋನಿನಲ್ಲಿ ಸಿನಿಮಾ ನೋಡಿ, ಗೌರಮ್ಮನನ್ನು ಕಾಣಲು ಮೈಸೂರಿನಿಂದ ಬಂದೆ ಎಂದೆ. ಅವರು ಒಳಗೆ ಕರೆಯುವ ಮೊದಲೇ ಸೀರೆಯ ಪೊಟ್ಟಣವನ್ನು ಅವರ ಕೈಗಿಟ್ಟು, "ಪಾಪ, ಒಂಟಿ ಜೀವ. ನನ್ನ ಕೈಲಾದದ್ದು" ಎಂದೆ.

ಅವರು ಕಾಗದ ಬಿಡಿಸಿ ಸೀರೆಯನ್ನು ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು.

"ಇದು ಗೌರಿಗೆ ತಂದಿದ್ದಾ?"

"ಹೌದು."

"ಗೌರಿ ನನ್ ಹೆಂಡ್ತಿ ಕಣಮ್ಮ. ನಾನಿನ್ನೂ ಸತ್ತಿಲ್ಲ."

ಏನು ಹೇಳಿದೆನೋ ನೆನಪಿಲ್ಲ. ಅವರು, ರುದ್ರಪ್ಪ ಎಂದು ಅವರ ಹೆಸರು, ಒಳಗೆ ತಿರುಗಿ ಕೂಗಿದರು: "ಲೇ ಗೌರಿ, ಬಾರೇ ಇಲ್ಲಿ. ನಿನ್ ಸಿನಿಮಾ ನೋಡ್ದೋರು ಬಂದವ್ರೆ. ನನ್ ತಿಥಿಗೆ ಸೀರೆ ತಂದವ್ರೆ!" ನಗುತ್ತಲೇ ಕೂಗಿದರು. ಆದರೆ ಸೀರೆಯನ್ನು ಮಾತ್ರ ತಮ್ಮ ಪಕ್ಕದಲ್ಲಿ ಇಟ್ಟುಕೊಳ್ಳದೆ ದೂರಕ್ಕೆ ಸರಿಸಿದರು.

ಹೊರಬಂದ ಗೌರಮ್ಮನ ಹಣೆಯಲ್ಲಿ ಕಾಸಗಲ ಕುಂಕುಮ, ಎರಡು ಕೈಗೂ ಹಸಿರು ಗಾಜಿನ ಬಳೆ. ಪರದೆಯ ಮೇಲಿದ್ದ ಮುಖ ಇದೇನಾ ಎಂದು ಅನುಮಾನವಾಯಿತು. ಇವರು ಹತ್ತು ವರ್ಷ ಚಿಕ್ಕವರಂತೆ ಕಂಡರು. ಸೀರೆಯನ್ನು ಕೈಗೆತ್ತಿಕೊಂಡರು. ಅದನ್ನು ಮಡಿಸಿ, ಕಾಗದ ಸುತ್ತಿ, ನನ್ನ ಚೀಲದೊಳಗೆ ತಾವೇ ಇಟ್ಟರು. "ತಪ್ಪು ತಿಳ್ಕಬ್ಯಾಡಿ ತಾಯಿ. ಇದನ್ನ ಮನೇಲಿ ಇಟ್ಕಳಂಗಿಲ್ಲ. ಕೈ ತೊಳ್ಕಳಿ, ಮುದ್ದೆ ಆಗೈತೆ."

ರಾಗಿ ಮುದ್ದೆ, ಅವರೆಕಾಳಿನ ಸಾರು. ಎರಡನೇ ಸಲ ಸಾರು ಬಡಿಸುತ್ತ ಗೌರಮ್ಮ ತಾವಾಗಿಯೇ ಹೇಳಿದರು. "ಒಳ್ಳೆ ಹುಡುಗ್ರು ಕಣಮ್ಮ. ಅವ್ವಾ ಅವ್ವಾ ಅಂತ ನಮ್ಮನೇಲೇ ಉಂಡ್ರು. ಪಾರ್ಟ್ ಮಾಡ್ತೀರಾ ಅಂದ್ರು, ಹೂಂ ಅಂದೆ. ಇವ್ರೂ ಹೂಂ ಅಂದ್ರು. ಅವತ್ತು ಬೆಳಿಗ್ಗೆ ಬಂದು ಕುಂಕುಮ ಒರ್ಸಿ, ಬಳೆ ತೆಗೀರಿ, ತಾಳಿ ತೆಗೆದಿಡಿ ಅಂದ್ರು."

"ಆಗಲ್ಲ ಅನ್ನಬಹುದಿತ್ತಲ್ಲಮ್ಮ?"

"ಅಷ್ಟ್ ಜನ ಕಾಯ್ತಾ ನಿಂತಿದ್ರು. ಹೆಂಗೆ ಇಲ್ಲ ಅನ್ನದು? ತೆಗ್ದೆ. ಕೊಟ್ಟಿಗೆ ಮುಂದೆ ಕೂತ್ಕಂಡು ನನ್ ಕೈ ನಾನೇ ನೋಡ್ಕಂಡೆ. ಮದ್ವೆ ಆದಾಗಿಂದ ಬರಿಗೈ ನೋಡಿರ್ಲಿಲ್ಲ. ಅಳು ಬಂದ್ಬಿಡ್ತು. ನಿಲ್ಸಕ್ಕೆ ಆಗ್ಲಿಲ್ಲ. ಅವ್ರು, ಹಂಗೇ ಇರವ್ವ, ಹಂಗೇ ಇರು ಅಂತಿದ್ರು. ನನ್ ಪಾರ್ಟು ಇನ್ನೂ ಶುರುವಾಗಿಲ್ಲ ಅಂದ್ಕಂಡಿದ್ದೆ."

ರುದ್ರಪ್ಪ ತಟ್ಟೆಯಿಂದ ತಲೆ ಎತ್ತದೆ ಹೇಳಿದರು: "ನಾನು ತ್ವಾಟದಿಂದ ಬಂದು ನೋಡ್ದೆ. ಎಂಟು ದಿನ ಇವಳ ಜೊತೆ ಮಾತಾಡ್ಲಿಲ್ಲ. ಇವಳದ್ದೇನ್ ತಪ್ಪು? ಆದ್ರೂ ಆಗ್ಲಿಲ್ಲ."

ಅವರಿಬ್ಬರೂ ಆ ಚಿತ್ರವನ್ನು ನೋಡಿರಲಿಲ್ಲ. ಕಳಿಸುತ್ತೇವೆ ಎಂದಿದ್ದ ಹುಡುಗರು ಮರೆತಿದ್ದರು. ಊಟವಾದ ಮೇಲೆ, "ನಿಮ್ ಫೋನಾಗೆ ಐತಂತಲ್ಲ, ತೋರ್ಸಿ" ಎಂದರು ಗೌರಮ್ಮ. ನಾನು ಹಿಂಜರಿದೆ. "ತೋರ್ಸಮ್ಮ. ನಾನು ಹೆಂಗೆ ಸತ್ತೆ ಅಂತ ನಂಗೂ ಗೊತ್ತಾಗ್ಲಿ" ಎಂದರು ರುದ್ರಪ್ಪ. ಚೊಂಬಿಗೆ ಫೋನು ಒರಗಿಸಿ ಮೂವರೂ ಚಾಪೆಯ ಮೇಲೆ ಕೂತೆವು. ಬೂದು ಬಯಲು ಬಂದಾಗ ರುದ್ರಪ್ಪ, "ಇದ್ಯಾವ್ ಸೀಮೆ?" ಎಂದರು. ಎಮ್ಮೆದೊಡ್ಡಿ ಎಂದೆ. ನಂಬಲಿಲ್ಲ.

ಆ ದೃಶ್ಯ ಬಂತು. ರುದ್ರಪ್ಪ ಎದ್ದು ತೋಟಕ್ಕೆ ಹೋದರು. ಅವರು ಮತ್ತೆ ಬಂದದ್ದು ಸಿನಿಮಾ ಮುಗಿದ ಮೇಲೆ. ನಾನು ಆ ಹೆಬ್ಬೆರಳನ್ನು ನೋಡುತ್ತ ಕೂತೆ. ಅದು ಉಜ್ಜುತ್ತಿದ್ದದ್ದು ಬಳೆಗಳಿದ್ದ ಜಾಗವನ್ನು, ಬಿಸಿಲು ತಾಗದೆ ಬೆಳ್ಳಗೆ ಉಳಿದಿದ್ದ ಪಟ್ಟಿಯನ್ನು. ಅದನ್ನು ಮಹಾ ಕಲೆ ಎಂದು ಎಷ್ಟು ಬಾರಿ ಹೊಗಳಿದ್ದೆ! ಇಷ್ಟು ತಿಳಿದ ಮೇಲಾದರೂ ಆ ದೃಶ್ಯ ನನಗೆ ಕೆಟ್ಟದ್ದಾಗಿ ಕಾಣಬೇಕಿತ್ತು. ಕಾಣಲಿಲ್ಲ. ಮೈ ಮತ್ತೆ ಜುಮ್ಮೆಂದಿತು. ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ನಾಚಿಕೆಯಾದದ್ದು ಆ ಗಳಿಗೆಯಲ್ಲಿ. ನಿಜವಾದ ಗೌರಮ್ಮ ಪಕ್ಕದಲ್ಲೇ ಕೂತಿದ್ದರು.

"ಚೆನ್ನಾಗಿ ಬಂದೈತಾ?" ಎಂದು ಕೇಳಿದರು.

"ಬಂದಿದೆ ಅಮ್ಮ" ಎಂದೆ.

ಹೊರಡುವಾಗ ನನಗೆ ಕುಂಕುಮ ಇಟ್ಟು, ಎರಡು ತೆಂಗಿನಕಾಯಿ ಮಡಿಲಿಗೆ ಹಾಕಿದರು. ರುದ್ರಪ್ಪ ತಾವೇ ಬೈಕಿನಲ್ಲಿ ಅಜ್ಜಂಪುರದವರೆಗೆ ಬಿಡುತ್ತೇನೆಂದು ಅದನ್ನು ಅಂಗಳಕ್ಕೆ ತಂದರು. ಹಿಂದೆ ಹತ್ತಿ ಕೂತೆ. ಗೌರಮ್ಮ ಹತ್ತಿರ ಬಂದರು.

"ಇದನ್ನ ಯಾರ್ಯಾರಿಗೆ ತೋರ್ಸಿದೀರಿ ತಾಯಿ?"

"ನಮ್ಮ ಸ್ನೇಹಿತರಿಗೆ. ಹದಿನೈದು ಜನ ಇರಬಹುದು."

"ಅವ್ರಿಗೆ ಹೇಳ್ಬಿಡಿ, ನಮ್ ಯಜಮಾನ್ರು ಗಟ್ಟಿಯಾಗವ್ರೆ ಅಂತ."

ಹೇಳುತ್ತೇನೆ ಎಂದೆ. ಊರಿನ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವರು ಇನ್ನೂ ಅಂಗಳದಲ್ಲೇ ನಿಂತಿದ್ದರು. ಬಳಗದವರೇ, ಗೌರಮ್ಮನ ಗಂಡ ಇದ್ದಾರೆ. ನನ್ನನ್ನು ಬೀರೂರಿನ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕ ಸೀಟು ಸಿಕ್ಕಿತೋ ಇಲ್ಲವೋ ಎಂದು ನೋಡಿಕೊಂಡೇ ಅವರು ಹಿಂದಕ್ಕೆ ಹೋದದ್ದು.