ಮಾವನ ವಿ.ಸಿ.ಆರ್.ನ ಬಾಳಿಕೆ

ಸೋಮವಾರ ಬೆಳಿಗ್ಗೆ ಸ್ನಾನವಾದ ಮೇಲೆ ನಾನು ಮಾಡುವ ಒಂದು ಕೆಲಸವನ್ನು ಯಾರಿಗೂ ವಿವರಿಸಲು ಹೋಗುವುದಿಲ್ಲ. ನಿಮಗೆ ಹೇಳುತ್ತೇನೆ. ಬಳ್ಳಾರಿಯ ನಮ್ಮ ಮನೆಯಲ್ಲಿ, ಗೋಡೆಗೆ ತೂಗುಹಾಕಿದ ಹೊಸ ಟಿವಿಯ ಕೆಳಗೆ, ಇಳಕಲ್ಲು ಸೀರೆಯ ತುಂಡೊಂದನ್ನು ಹೊದ್ದು ಹಳೆಯ ವಿ.ಸಿ.ಆರ್. ಕೂತಿದೆ. ಸೀರೆ ಸರಿಸಿ, ಸ್ವಿಚ್ಚು ಹಾಕಿ, ಖಾಲಿ ಕ್ಯಾಸೆಟ್ಟೊಂದನ್ನು ಅದರ ಬಾಯಿಗೆ ಕೊಡುತ್ತೇನೆ. ಗುಳುಕ್ಕನೆ ನುಂಗಿ ಸಣ್ಣಗೆ ಗುಂಯ್ ಎನ್ನತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಬಿಸಿ ಧೂಳಿನ, ರಬ್ಬರಿನ ವಾಸನೆ ಏಳುತ್ತದೆ. ಪರದೆಯ ಮೇಲೆ ಏನೂ ಇರುವುದಿಲ್ಲ. ನಮ್ಮ ಯಜಮಾನರು ಪೇಪರಿನ ಹಿಂದಿನಿಂದ, "ಇವತ್ತು ಯಾವ ಪಿಚ್ಚರ್ ಹಚ್ಚೀದಿ?" ಎಂದು ಕೇಳುತ್ತಾರೆ.

ಇವತ್ತು ಅವರು ಕೇಳಲಿಲ್ಲ. ಇವತ್ತು ನನ್ನ ಕೈಯಲ್ಲಿರುವುದು ಬೇರೆ ಕ್ಯಾಸೆಟ್ಟು. ಸಿರುಗುಪ್ಪದಿಂದ ನನ್ನ ಸೋದರಮಾವ ಹೊರಟಿದ್ದಾನೆ. ಅವನು ಬರುವವರೆಗೆ ಮಿಷನ್ನು ಬೆಚ್ಚಗಾಗಿರಲಿ ಎಂದು ಚಾಲೂ ಮಾಡಿ, ಆ ವಾಸನೆಯಲ್ಲಿ ಕೂತಿದ್ದೇನೆ.

ಈ ವಾಸನೆಗೆ ತೌಡಿನ ವಾಸನೆ ಸೇರಿಸಿದರೆ ಅದೇ ಮಾವನ ಮನೆ. ಮನೆಯ ಹಿಂದೆಯೇ ಅವನ ಅಕ್ಕಿ ಗಿರಣಿ. ಕಾಲುವೆ ನೀರಿನ ಭತ್ತ ಹಚ್ಚೊಳ್ಳಿ ಕಡೆಯಿಂದ ಟ್ರ್ಯಾಕ್ಟರುಗಳಲ್ಲಿ ಬರುತ್ತಿತ್ತು. ಗಿರಣಿ ಓಡುವಾಗ ಮನೆಯ ನೆಲವೆಲ್ಲ ಸಣ್ಣಗೆ ನಡುಗುತ್ತಿತ್ತು. ರಜೆಯಲ್ಲಿ ಆ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಯಾರೋ ತಟ್ಟಿ ಮಲಗಿಸಿದ ಹಾಗೆ ನಿದ್ದೆ ಬರುತ್ತಿತ್ತು. ಭತ್ತವಿಲ್ಲದ ದಿನವೂ ಮಾವ ಗಿರಣಿಯನ್ನು ಸ್ವಲ್ಪ ಹೊತ್ತು ಖಾಲಿ ಓಡಿಸುತ್ತಿದ್ದ. ನಿಂತ ಮಿಷನ್ನು ಮುನಿಸಿಕೊಳ್ಳುತ್ತದೆ ಎಂಬುದು ಅವನ ನಂಬಿಕೆ. ಕಲ್ಲು ಬೆರೆತ ಭತ್ತವನ್ನಂತೂ ಒಳಗೆ ಬಿಡುತ್ತಿರಲಿಲ್ಲ.

ನಮ್ಮ ಕಡೆ ಟಿವಿ ಆಗತಾನೇ ಬರುತ್ತಿದ್ದ ಕಾಲ. ನಾನು ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದೆ. ವಿ.ಸಿ.ಆರ್. ಕೊಳ್ಳಲು ಬಂದ ಮಾವ, ಅದರ ಇಂಗ್ಲಿಷ್ ಪುಸ್ತಕ ಓದಿ ಹೇಳಲೆಂದು ನನ್ನನ್ನೂ ಬೆಂಗಳೂರು ರೋಡಿನ ಅಂಗಡಿಗೆ ಕರೆದೊಯ್ದ. ನನ್ನ ಇಂಗ್ಲಿಷಿನ ಮೇಲೆ ನನಗಿಂತ ಅವನಿಗೇ ಹೆಚ್ಚು ಭರವಸೆ. ಅಂಗಡಿಯವರು ಬಟನ್ನುಗಳನ್ನು ತೋರಿಸುತ್ತಿದ್ದರೆ ಮಾವ ಕಣ್ಣುಮುಚ್ಚಿ, ಓಡುತ್ತಿದ್ದ ಮಿಷನ್ನಿನ ಬೆನ್ನ ಮೇಲೆ ಅಂಗೈ ಇಟ್ಟು ನಿಂತಿದ್ದ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಇದು ಎಷ್ಟು ವರ್ಷ ಬಾಳಿಕಿ ಬರ್ತೈತ್ರಿ?"

"ಅದು ನೀವು ನಡಸಿದಂಗ ಐತ್ರಿ ಸಾವ್ಕಾರ್ರ. ಕಂಡಕಂಡ ಬಾಡಿಗಿ ಕ್ಯಾಸೆಟ್ ಹಾಕಿದ್ರ ಒಳಗ ರೀಲು ಓದೋ ಹೆಡ್ ಹಾಳಾಗ್ತೈತಿ."

ಮಾವ ತಲೆಯಾಡಿಸಿದ ರೀತಿ ನೋಡಿ ನಾನು ಎಚ್ಚರಗೊಳ್ಳಬೇಕಿತ್ತು. ಬಾಡಿಗೆ ಕ್ಯಾಸೆಟ್ಟೆಂದರೆ ಕಲ್ಲು ಬೆರೆತ ಭತ್ತ ಎಂದು ಅವನು ಅಲ್ಲೇ ತೀರ್ಮಾನಿಸಿಬಿಟ್ಟಿದ್ದ.

ಸಿರುಗುಪ್ಪಕ್ಕೆ ಬಂದ ಮಿಷನ್ನಿಗೆ ಕಾಯಿ ಒಡೆದು ವಿಭೂತಿ ಹಚ್ಚಿದ್ದಾಯಿತು. ಅಜ್ಜಿ, ಅಂದರೆ ಮಾವನ ತಾಯಿ, ತನ್ನ ಲಿಂಗಪೂಜೆ ಮುಗಿಸಿ ಬಂದು ನೋಡಿ, "ಸ್ನಾನ ಒಂದು ಮಾಡಸಬ್ಯಾಡಪಾ ಅದಕ್ಕ" ಎಂದಳು. ಮಧ್ಯಾಹ್ನ ಕಿಟಕಿಗೆ ಕಂಬಳಿ ಇಳಿಬಿಟ್ಟು ಕತ್ತಲು ಮಾಡಿದರು. ಪಿಚ್ಚರು ನೋಡಲು ಓಣಿಯೆಲ್ಲ ಬಂದು ಕೂತಿತು. ಮಾವ ಹಾಕಿದ್ದು ಅಂಗಡಿಯವರು ಉಚಿತವಾಗಿ ಕೊಟ್ಟ ಕ್ಯಾಸೆಟ್ಟು. ಅದರಲ್ಲಿ ನೀಲಿ ಸಮುದ್ರ, ಅದರ ತುಂಬ ಬಣ್ಣಬಣ್ಣದ ಮೀನು. ಬೇರೇನೂ ಇಲ್ಲ. ಜನ ಕಾದರು, ಮೀನು ಮಾತಾಡಲಿಲ್ಲ. ಒಬ್ಬೊಬ್ಬರೇ ಎದ್ದರು. "ಸಾವ್ಕಾರ ಟಿವಿಯಾಗ ಮೀನ ಸಾಕ್ಯಾನ" ಎಂಬ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿತ್ತು.

ಮಿಷನ್ನನ್ನು ದಿನಾ ಓಡಿಸಬೇಕು. ಹೊರಗಿನ ಕ್ಯಾಸೆಟ್ಟು ಮಾತ್ರ ಹಾಕಬಾರದು. ಹಾಗಾಗಿ ದಿನಾ ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲು ಮೀನುಗಳು ಈಜಿದವು. ಅಜ್ಜಿ ಪೂಜೆಯ ಮಧ್ಯೆ ಕಣ್ಣೆತ್ತಿ, "ಪಾಪ, ಎಷ್ಟು ಈಜತಾವ" ಎನ್ನುತ್ತಿದ್ದಳು. ಆ ನೀಲಿ ಬೆಳಕು ಅವಳ ಹಣೆಯ ವಿಭೂತಿಯ ಮೇಲೆ ಅಲೆಯಾಡುತ್ತಿತ್ತು. ತಿಂಗಳುಗಳು ಕಳೆದ ಹಾಗೆ ಮೀನುಗಳ ಬಣ್ಣ ಹೋಯಿತು, ಆಮೇಲೆ ಮೀನುಗಳೇ ಮಸಕಾದವು. "ಆಳಕ್ಕ ಹ್ವಾದವು ಬಿಡು" ಎಂದಳು ಅಜ್ಜಿ. ನಾವೆಲ್ಲ ನಕ್ಕೆವು. ಮಿಷನ್ನು ಮಾತ್ರ ಹೊಸದರಂತೆಯೇ ಇತ್ತು.

ಮುಂದಿನ ವರ್ಷ ನನ್ನ ಮದುವೆಯಾಯಿತು. ಕುರುಗೋಡಿನ ದೊಡ್ಡಬಸಪ್ಪನ ಗುಡಿಯ ಹತ್ತಿರ, ನಮ್ಮಪ್ಪನ ಮನೆಯ ಮುಂದೆ ಚಪ್ಪರ ಹಾಕಿದ್ದರು. ವಿಡಿಯೋ ತೆಗೆಯುವವನು ಕಣ್ಣು ಕುಕ್ಕುವ ದೀಪ ಹಿಡಿದು ಎಲ್ಲರ ಮುಖದ ಮೇಲೂ ಬೆವರು ಬರಿಸಿದ. ಆ ಕ್ಯಾಸೆಟ್ಟು ಮಾವನ ಮನೆಗೆ ಹೋಯಿತು. ನಮ್ಮ ಪೈಕಿ ಮಿಷನ್ನಿದ್ದದ್ದು ಅಲ್ಲೊಂದೇ. ಇನ್ನೊಂದು ಪ್ರತಿ ಕೇಳೋಣವೆಂದು ನೆನಪಾಗುವಷ್ಟರಲ್ಲಿ ವಿಡಿಯೋದವನು ತನ್ನ ಮೂಲ ಕ್ಯಾಸೆಟ್ಟಿನ ಮೇಲೆ ಬೇರೆ ಯಾರದೋ ಮದುವೆ ತುಂಬಿಬಿಟ್ಟಿದ್ದ.

ನನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ನನ್ನನ್ನು ಯಾರೂ ನೋಡಲಿಲ್ಲ ಎಂದರೆ ನೀವು ನಂಬಬೇಕು. ಎಲ್ಲರೂ ಕಾಯುತ್ತಿದ್ದದ್ದು ಅಜ್ಜಿ ಬರುವ ಜಾಗಕ್ಕೆ. ಫೋಟೋ ಎಂದರೆ ಸೆರಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದ ಅಜ್ಜಿ, ಆ ದಿನ ನನ್ನ ಪಕ್ಕ ನಿಂತಿದ್ದಾಗ ಸಿಕ್ಕಿಬಿದ್ದಿದ್ದಳು. ಪರದೆಯ ತುಂಬ ಅವಳ ಮುಖ. ಮೊದಲು ಕಕ್ಕಾಬಿಕ್ಕಿ, ಆಮೇಲೆ ಸಿಟ್ಟು, ಆಮೇಲೆ ತಡೆಯಲಾರದ ನಗು.

"ಏ ತಮ್ಮಾ, ಎಷ್ಟೊತ್ತು ನನ್ನ ನೋಡ್ತೀ? ಮದಲಗಿತ್ತಿ ಇಲ್ಲಿ ನಿಂತಾಳ, ಆಕಿನ್ನ ಹಿಡಿ!"

ಅಲ್ಲಿಗೆ ಮಾವ ಮಿಷನ್ನು ನಿಲ್ಲಿಸುತ್ತಿದ್ದ. ನಗುವ ಅಜ್ಜಿ ಪರದೆಯ ಮೇಲೆ ಸಣ್ಣಗೆ ನಡುಗುತ್ತ ನಿಲ್ಲುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮಿಷನ್ನು ತಾನಾಗಿಯೇ ಬಿಟ್ಟುಕೊಂಡು ಮುಂದೆ ಓಡಿದರೆ, ಮಾವ ಹಿಂದಕ್ಕೆ ಸುತ್ತಿ ಮತ್ತೆ ನಿಲ್ಲಿಸುವನು. ಎದುರಿಗೇ ಕೂತಿದ್ದ ನಿಜವಾದ ಅಜ್ಜಿ, "ಇಲ್ಲೇ ಅದೀನಲ್ಲೋ, ಇತ್ತಾಗ ನೋಡು" ಎಂದು ಬೈಯುತ್ತಿದ್ದಳು. ಮುಂದಿನದನ್ನು ನೋಡಲು ಯಾರಿಗೂ ಪುರಸೊತ್ತಿರಲಿಲ್ಲ, ಗಿರಣಿ ಕರೆಯುತ್ತಿತ್ತು.

ಕೆಲವು ವರ್ಷಕ್ಕೆ ಅಜ್ಜಿ ತೀರಿಕೊಂಡಳು. ದಿವಸದ ಕಾರ್ಯವೆಲ್ಲ ಮುಗಿದ ಮಾರನೆಯ ಬೆಳಿಗ್ಗೆ ಮಾವ ಎಂದಿನಂತೆ ಮಿಷನ್ನು ಹಚ್ಚಿದ. ಎದುರಿನ ಮಣೆ ಖಾಲಿಯಿತ್ತು. ಆ ದಿನ ನಾನೂ ಅಲ್ಲಿದ್ದೆ. ಅವಳನ್ನು ನಿಲ್ಲಿಸಿಕೊಂಡು ಅವನು ಎಷ್ಟು ಹೊತ್ತು ಕೂತಿದ್ದನೆಂದರೆ, ಗಿರಣಿಯವರು ಬಾಗಿಲವರೆಗೆ ಬಂದು ಹಿಂದಿರುಗಿದರು. ಆಮೇಲೆ ಅದೇ ಅವನ ಪೂಜೆಯಾಯಿತು.

ಒಂದು ಬೇಸಿಗೆಯಲ್ಲಿ ಅಜ್ಜಿಯ ಮುಖದ ಮೇಲೆ ಬಿಳಿ ಗೆರೆಗಳು ಕಾಣಿಸಿಕೊಂಡವು. ಮಾವ ಮಿಷನ್ನಿನ ತಪ್ಪೆಂದು ಬಳ್ಳಾರಿಯಿಂದ ರಿಪೇರಿಯವರನ್ನು ಕರೆಸಿದ. ಅವರು ಬಿಚ್ಚಿ ನೋಡಿದರು.

"ಮಿಷನ್ ಕಲ್ಲಿದ್ದಂಗ ಐತ್ರಿ. ರೀಲು ಸವದೈತಿ. ಒಂದ ಜಾಗದಾಗ ನಿಲ್ಲಿಸಿ ನಿಲ್ಲಿಸಿ ನೋಡಿದ್ರ, ಆ ಜಾಗ ಉಜ್ಜಿ ಹೋಗ್ತೈತ್ರಿ."

ಮರುದಿನ ಮಾವ ಮಿಷನ್ನು, ಕ್ಯಾಸೆಟ್ಟು ಎರಡನ್ನೂ ಅಜ್ಜಿಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದ. "ನನ್ನ ಕೈಯಾಗ ಇದ್ರ ಹಚ್ಚದೆ ಇರಾಕ ಆಗಂಗಿಲ್ಲವಾ. ರೀಲು ಮುಟ್ಟಬ್ಯಾಡ. ಮಿಷನ್ ಮಾತ್ರ ಬಂದ್ ಬೀಳಸಬ್ಯಾಡ." ನನ್ನ ಸೋಮವಾರದ ವ್ರತ ಅಂದಿನಿಂದ ಶುರುವಾಯಿತು.

ಈಗ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವವರು ಇದ್ದಾರೆ. ನಮ್ಮ ಕ್ಯಾಸೆಟ್ಟು ನೋಡಿ ಅವರು, ರೀಲು ಇನ್ನೊಂದು ಸಲ ಓಡಿದರೆ ಹೆಚ್ಚು ಎಂದಿದ್ದಾರೆ. ಓಡಿಸಿದರೆ ಹೋಗಬಹುದು, ಓಡಿಸದೆ ಇಟ್ಟರೂ ಹೋಗುತ್ತದೆ. ಮಾವ ತಿಂಗಳುಗಟ್ಟಲೆ ಹೂಂ ಅನ್ನಲಿಲ್ಲ. ಹೋದ ವಾರ ಫೋನಿನಲ್ಲಿ, "ನಮ್ಮ ಮಿಷನ್ದಾಗ ಹಚ್ಚೋದಾದ್ರ ಬರ್ತೀನಿ" ಎಂದ.

ಬಂದ. ಮೊದಲು ಮಿಷನ್ನಿನ ಬೆನ್ನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿದ. "ಭೇಷ್ ಇಟ್ಟೀದಿ" ಎಂದ. ಅವನ ಹಿಂದೆಯೇ ಬಂದ ಕಂಪ್ಯೂಟರಿನವರು ವೈರು ಸಿಕ್ಕಿಸಿದರು. ನಾನು ಕ್ಯಾಸೆಟ್ಟು ಕೊಟ್ಟೆ. ಮಿಷನ್ನು ಎಂದಿನಂತೆ ನುಂಗಿತು.

ಚಪ್ಪರ ಬಂತು, ಬೀಗರು ಬಂದರು, ನಮ್ಮ ಯಜಮಾನರ ತಲೆಯ ತುಂಬ ಕೂದಲು ಬಂತು. ಆಮೇಲೆ ಆ ಜಾಗ. ಪರದೆಯೆಲ್ಲ ಬಿಳಿ ಚುಕ್ಕೆ. ಒಂದು ಕಣ್ಣು ಕಂಡಂತಾಯಿತು, ಇಲ್ಲ. ಅಜ್ಜಿ ಇರಲಿಲ್ಲ. ಆದರೆ ಆ ಬಿಳುಪಿನೊಳಗಿಂದ ದನಿ ಬಂತು, ಒಂದಿಷ್ಟೂ ಸವೆಯದ ದನಿ: "ಏ ತಮ್ಮಾ, ಎಷ್ಟೊತ್ತು ನನ್ನ ನೋಡ್ತೀ?"

ಮಾವನ ಕೈ ಬಟನ್ನಿನ ಮೇಲಿತ್ತು. ಅಷ್ಟು ವರ್ಷ ನಿಲ್ಲಿಸಿದ್ದ ಬೆರಳು. ಅವನು ಒತ್ತಲಿಲ್ಲ.

ಅಜ್ಜಿ ಬೈದ ಮೇಲೆ ವಿಡಿಯೋದವನು ಕ್ಯಾಮೆರಾ ತಿರುಗಿಸಿದ್ದ. ಚುಕ್ಕೆಗಳು ಒಮ್ಮೆಲೇ ಸರಿದವು. ನಾನು, ಮದಲಗಿತ್ತಿ, ಹೊಸ ಬಣ್ಣದಲ್ಲಿ ನಿಂತಿದ್ದೆ. ಯಾರೂ ನಿಲ್ಲಿಸಿ ನೋಡದ ಜಾಗ ಯಾಕೆ ಸವೆದೀತು? ನನ್ನ ಬಾಸಿಂಗ ಓರೆಯಾಗಿತ್ತು. ಅದು ನನಗೆ ಇಂದಿನವರೆಗೆ ಗೊತ್ತಿರಲಿಲ್ಲ. ಪರದೆಯ ಅಂಚಿನಿಂದ ಒಂದು ಕೈ ಬಂತು. ಮುಂಗೈ ಮೇಲೆ ಹಸಿರು ಹಚ್ಚೆ, ಬೆರಳ ತುದಿಯಲ್ಲಿ ವಿಭೂತಿ. ಆ ಕೈ ಅವಸರವಿಲ್ಲದೆ ಬಾಸಿಂಗ ಸರಿಮಾಡಿತು, ನನ್ನ ಕೆನ್ನೆಯ ಬೆವರು ಒರೆಸಿತು, ಗಲ್ಲದ ಕೆಳಗೆ ಒಂದಿಷ್ಟು ಹೊತ್ತು ಹಾಗೇ ಇತ್ತು.

"ಅವ್ವನ ಕೈ" ಎಂದ ಮಾವ.

ಕಂಪ್ಯೂಟರಿನವರು, "ಇಲ್ಲಿ ನಿಲ್ಲಸ್ಲೇನ್ರಿ ಯಜಮಾನ್ರ?" ಎಂದು ಕೇಳಿದರು.

"ಬ್ಯಾಡ್ರಿ" ಎಂದ ಮಾವ, ಕಣ್ಣು ಒರೆಸಿಕೊಳ್ಳದೆ. "ಓಡಲಿ ಬಿಡ್ರಿ."