ಹೊಗೆ ನೆಟ್ಟಗೆ ನಿಂತರೆ ಕಿಟಕಿ ಸರಿ

ಬೆಳಗ್ಗೆ ಕಾಫಿಗೆ ವಾಸನೆಯೇ ಇರಲಿಲ್ಲ. ಪುಡಿ ಹಳೆಯದಾಗಿರಬೇಕು ಎಂದುಕೊಂಡೆ. ಪೊಟ್ಟಣ ಒಡೆದು ಮೂರು ದಿನವಾಗಿದೆ ಅಷ್ಟೆ, ಅದು ನನಗೆ ಗೊತ್ತು. ಕೋವಿಡ್ ಎಂಬ ಪದವನ್ನು ಮನಸ್ಸಿನಲ್ಲೂ ಆಡದೆ, ಮಾಸ್ಕ್ ಬಿಗಿದುಕೊಂಡು ಕೆಳಗಿಳಿದೆ.

ಮೇನೂತ್ ಎಂಬ ಐರಿಶ್ ಊರು, ೨೦೨೧ರ ಅಕ್ಟೋಬರ್. ಎಂಟಾಗುತ್ತ ಬಂದರೂ ಹೊರಗೆ ನಸುಗತ್ತಲೆ. ನಾನು ಬಾಡಿಗೆಗಿರುವ ಮನೆಯ ಹಜಾರದಲ್ಲಿ, ಕಿಟಕಿ ಬದಲಿಸಲು ಬಂದ ಮೆಲ್ವಿನ್ ಮಥಾಯಸ್ ಹಳೆಯ ಕಿಟಕಿಯ ಚೌಕಟ್ಟಿಗೆ ಸನ್ನೆಗೋಲು ಕೊಟ್ಟು ಮೀಟುತ್ತಿದ್ದಾರೆ. ಅದು ಕಿತ್ತು ಬಂದದ್ದೇ ತಡ, ಓರೆ ಮಳೆ ಸೋಫಾದವರೆಗೂ ನುಗ್ಗುತ್ತದೆ. ಅವರ ಕೆಲಸದ ಬಗ್ಗೆ ಲೇಖನ ಬರೆಯಲೆಂದು ನಾನು ಆದಷ್ಟು ದೂರ, ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತಿದ್ದೇನೆ.

“ಅಷ್ಟು ದೂರ ಯಾಕೆ ಮಾರಾಯ್ತಿ? ನಾನೇನು ಕಚ್ತೇನಾ?”

ಮೆಲ್ವಿನ್ ಅವರದು ಮೊದಲು ಕಾರ್ಕಳದಲ್ಲಿ ಮರಗೆಲಸ, ಕುವೈತ್‌ನಲ್ಲಿ ಅಲ್ಯೂಮಿನಿಯಂ ಚೌಕಟ್ಟು, ಹದಿನಾಲ್ಕು ವರ್ಷದಿಂದ ಇಲ್ಲಿ. ದಿನಕ್ಕೆ ನಾಲ್ಕು ಕಿಟಕಿ. ಮೂರು ಪದರದ ಗಾಜು ಒಂದೊಂದೂ ಐವತ್ತು ಕಿಲೋ. “ಇಲ್ಲಿ ಚಳಿಗಿಂತ ಒದ್ದೆ ಜಾಸ್ತಿ. ಹೀಟಿಂಗ್ ಹಾಕಿದ್ದೆಲ್ಲ ಸಂದಿಯಲ್ಲೇ ಹೊರಗೆ ಹೋಗ್ತದೆ. ಈಗ ಟಿವಿಯಲ್ಲಿ ಸೋಂಕು ತಡೀಲಿಕ್ಕೆ ಕಿಟಕಿ ತೆರೀರಿ ಅಂತಾರೆ, ನನ್ನ ಕೆಲಸ ಗಾಳಿ ನುಗ್ಗದ ಹಾಗೆ ಮುಚ್ಚೋದು. ಯಾರ ಮಾತು ಕೇಳೋದು?”

ನಗುತ್ತಾರೆ. ಆದರೆ ಸೋಂಕಿನ ಭಯ ಅವರಿಗೂ ಇದೆ. ಹೆಂಡತಿ ಡಯಾನಾಗೆ ಕಿಡ್ನಿ ಕಸಿಯಾಗಿ ಎರಡು ವರ್ಷ. ಸೋಂಕು ತಡೆಯುವ ಶಕ್ತಿಯನ್ನೇ ಕುಗ್ಗಿಸುವ ಮಾತ್ರೆಗಳ ಮೇಲಿದ್ದಾರೆ. ಮೆಲ್ವಿನ್ ದಿನಾ ಸಂಜೆ ಹಿತ್ತಿಲ ಶೆಡ್ಡಿನಲ್ಲಿ ಬಟ್ಟೆ ಬದಲಿಸಿ, ಸ್ನಾನ ಮಾಡಿಯೇ ಹೆಂಡತಿಯ ಮುಖ ನೋಡುವುದು. “ಲಸಿಕೆ ಆಗಿದೆ. ಅವಳ ಮೈಗೆ ಅದು ಎಷ್ಟು ಹತ್ತಿದೆಯೋ, ಡಾಕ್ಟರಿಗೂ ಗೊತ್ತಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಒಂದೇ ಕೇಳ್ತೇನೆ, ಯಾರಿಗಾದ್ರೂ ಹುಷಾರಿಲ್ವಾ ಅಂತ.”

ನನ್ನನ್ನೂ ಬಾಗಿಲಲ್ಲೇ ಕೇಳಿದ್ದರು. ಇಲ್ಲಿಯವರಂತೆ “ಎಲ್ಲ ಗ್ರ್ಯಾಂಡ್ ಅಂಕಲ್, ಏನೂ ತೊಂದರೆಯಿಲ್ಲ” ಎಂದಿದ್ದೆ. ಆ ಮಾತನ್ನು ನೋಟ್‌ಬುಕ್ಕಿಗೆ ಇಳಿಸಲು ಈಗ ಕೈ ಏಳುತ್ತಿಲ್ಲ. ಗೋಡೆ ಬಾಯಿ ತೆರೆದುಕೊಂಡಿರುವಾಗ ಕೆಲಸ ನಿಂತರೆ ಮನೆಯೊಡತಿ ವಸುಂಧರಾ ಏನೆಂದಾರು? ಕೋಣೆ ಬಿಡು ಎಂದರೆ?

ಹತ್ತಕ್ಕೆ ಮೊದಲ ಕಿಟಕಿ ಕೂರುತ್ತದೆ. ಮೆಲ್ವಿನ್ ಜೇಬಿನಿಂದ ಊದುಬತ್ತಿ ತೆಗೆದು ಹಚ್ಚುತ್ತಾರೆ. ಅವರ ಪರೀಕ್ಷೆ ಇದೇ: ಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನವಾಗಿ ಒಯ್ಯುವುದು, ಹೊಗೆ ವಾಲಿದ ಕಡೆ ಸಂದಿಯಿದೆ.

“ಒಬ್ಬಳು ಐರಿಶ್ ಅಜ್ಜಿ, ಪ್ರಾರ್ಥನೆ ಮಾಡ್ತಿದ್ದೀಯಾ ಅಂತ ಕೇಳಿದ್ಲು. ಹೌದು, ನೀವು ರಿಪೇರಿಗೆ ವಾಪಸ್ ಕರೀಬಾರ್ದು ಅಂತ ಪ್ರಾರ್ಥನೆ ಅಂದೆ!”

ಹೊಗೆ ನಾಲ್ಕೂ ಮೂಲೆಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಅವರು ಗಾಜನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಾರೆ. “ಇದರ ಮೇಲೆ ನನ್ನ ಹೆಸರಿಲ್ಲ. ಆದ್ರೆ ಮನೆ ಬೆಚ್ಚಗಿರ್ತದೆ, ಸಾಕು.” ಬತ್ತಿಯನ್ನು ನನ್ನ ಕಡೆ ತಿರುಗಿಸಿ, “ಡಯಾನಾ ಆರಿಸಿದ್ದು. ಯಾವ ಪರಿಮಳ ಹೇಳಿ ನೋಡುವ, ಗಂಧವೋ ಮಲ್ಲಿಗೆಯೋ?” ಎನ್ನುತ್ತಾರೆ.

ಕೋಣೆ ತುಂಬ ಹೊಗೆ. ಕಣ್ಣು ಉರಿಯುತ್ತಿದೆ, ಮೂಗಿಗೆ ಏನೂ ಇಲ್ಲ. ಗಂಧ ಎಂದುಬಿಡಬಹುದು. ಸರಿಯಿದ್ದರೂ ಇದ್ದೀತು.

ಮೆಟ್ಟಿಲ ಪಕ್ಕದ ಮುಂಬಾಗಿಲನ್ನು ಅಗಲ ತೆರೆಯುತ್ತೇನೆ. ಹೊಗೆ ಥಟ್ಟನೆ ವಾಲುತ್ತದೆ.

“ಅಂಕಲ್, ಹೊರಗೆ ಹೋಗಿ. ಬೆಳಗ್ಗೆ ಸುಳ್ಳು ಹೇಳಿದೆ. ನನಗೆ ಯಾವ ವಾಸನೆಯೂ ಬರ್ತಿಲ್ಲ.”