ಸೊನ್ನೆ ಬಂದ ದಿನಗಳು

ಮಗಳು ಇವತ್ತು ಸರಾಸರಿ ಲೆಕ್ಕದಲ್ಲಿ ಸೊನ್ನೆಗಳನ್ನು ಬಿಟ್ಟು ಭಾಗಿಸಿದಳು. ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆ ನೆನಪಾಗಿ, ಅಪ್ಪನ ಬೆಲ್ಟಿನ ಬೆವರು ವಾಸನೆ ಮೂಗಿಗೆ ಬಡಿಯಿತು.

ನಾನು ಅವಳಷ್ಟಿದ್ದಾಗ, ಮನೆಯಲ್ಲಿ ಒಂದು ವಾರ ಏನನ್ನಾದರೂ ಎಣಿಸಿ ಸರಾಸರಿ ತೆಗೆಯಿರಿ ಎಂದಿದ್ದರು ಮೇಷ್ಟ್ರು. ಗೆಳತಿಯರು ಬಸ್ಸು, ಕಾಗೆ ಎಣಿಸಿದರು. ನಾನು, ಅಪ್ಪ ಬೆಲ್ಟಿನಲ್ಲಿ ಅಮ್ಮನಿಗೆ ಬಾರಿಸಿದ ಏಟು ಎಣಿಸಿದೆ. ಬಾಗಿಲ ಸಂದಿಯಲ್ಲಿ ನಿಂತು, ಬಕಲ್ ಅವಳ ಬೆನ್ನು ಸೀಳಿದಾಗೆಲ್ಲ ಪುಸ್ತಕದಲ್ಲಿ ಒಂದು ಗೀಟು ಎಳೆದೆ. ಮೂರು, ಸೊನ್ನೆ, ಐದು, ಎರಡು, ಸೊನ್ನೆ, ನಾಲ್ಕು, ಸೊನ್ನೆ. ಒಟ್ಟು ಹದಿನಾಲ್ಕು. ಹೊಡೆದ ದಿನ ನಾಲ್ಕು, ಸರಾಸರಿ ಮೂರೂವರೆ.

'ಬೆಲ್ಟಿನ ಏಟು' ಎಂಬ ತಲೆಬರಹವನ್ನು ಮೇಷ್ಟ್ರು ಓದಿದರು. ಓದಿ, "ಸೊನ್ನೆ ಬಂದ ದಿನಾನೂ ಸೇರಿಸ್ಬೇಕು ಕಣೇ, ಏಳರಿಂದ ಭಾಗಿಸು" ಎಂದು ಕೆಂಪು ಶಾಯಿಯಲ್ಲಿ ತಿದ್ದಿದರು. ಅಷ್ಟೇ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಅಪ್ಪನ ಮೇಲಿರುವಷ್ಟೇ ಸಿಟ್ಟಿದೆ.

ಸಂಜೆ ಅಮ್ಮ ಆ ಪುಟ ನೋಡಿಬಿಟ್ಟಳು. ನಾನು ಹೆದರಿ, "ಹೊಡೀದೇ ಇದ್ದ ದಿನ ಯಾಕಮ್ಮ ಲೆಕ್ಕಕ್ಕೆ?" ಎಂದೆ.

"ಅವತ್ತೂ ಗೇಟಿನ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿರ್ತೀನಲ್ಲ ಮಾರಾಯ್ತಿ."

ನನ್ನ ಮಗಳು ಎಣಿಸಿದ್ದು ಗುಬ್ಬಚ್ಚಿ. ಏಳರಿಂದ ಭಾಗಿಸು ಎಂದೆ. ಯಾಕೆ ಎಂದು ಕೇಳಿದಳು. ಅಮ್ಮ ಹೇಳಿದ ಕಾರಣವನ್ನು ಅವಳಿಗೆ ಹೇಳಲಿಲ್ಲ.